ಹತ್ತಿದಲ್ಲೇ ಇಳಿಸುವ ದೋಣಿ ಯಾಕೆ? ಮುಂದಿನ ಊರಿಗೆ ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕರಾವಳಿ ಪ್ರವಾಸೋದ್ಯಮ ಅಂದ ಕೂಡಲೇ ನಮ್ಮ ಕಡೆ ಬರುವ ಸುದ್ದಿ ಯಾವಾಗಲೂ ಒಂದೇ ಥರ. ಬೀಚಿಗೆ ಬೆಂಚು ಹಾಕಿದರು, ಜೆಟ್ ಸ್ಕೀ ತಂದರು, ಹೊಳೆಯಲ್ಲಿ ಬೋಟಿಂಗ್ ಶುರು ಮಾಡಿದರು. ಈ ಬೋಟಿಂಗ್ ಅಂದರೆ ಏನು? ಲೈಫ್ ಜಾಕೆಟ್ ಹಾಕಿಸಿ, ಅರ್ಧ ಗಂಟೆ ಒಂದು ಸುತ್ತು ಹೊಡೆಸಿ, ಹತ್ತಿದ ಜಾಗಕ್ಕೇ ತಂದು ಇಳಿಸುವುದು. ಇಳಿದವರು ಫೋಟೊ ನೋಡಿಕೊಂಡು ಕಾರು ಹತ್ತುತ್ತಾರೆ, ಮುಂದಿನ ಬೀಚಿಗೆ ಹೊರಡುತ್ತಾರೆ. ಹೊಳೆಯ ಆಚೆ ದಡದಲ್ಲಿ ಒಂದು ಊರಿದೆ, ಅದಕ್ಕೆ ನೂರಾರು ವರ್ಷದ ಕಥೆ ಇದೆ, ಅಲ್ಲೊಂದು ಒಳ್ಳೆಯ ಮೀನೂಟದ ಹೋಟೆಲಿದೆ ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ನನ್ನ ತಕರಾರು ಇಷ್ಟೇ. ಸುತ್ತು ಹೊಡೆಸುವ ದೋಣಿಗಳು ಬೇಕಾದಷ್ಟಾಯಿತು. ಈಗ ಒಂದು ಊರಿಂದ ಇನ್ನೊಂದು ಊರಿಗೆ ಟೈಮಿಗೆ ಸರಿಯಾಗಿ ಓಡುವ ಲೈನ್ ದೋಣಿ ಬೇಕು, ಬಸ್ಸಿನ ಹಾಗೆ. ಟಿಕೆಟ್ ತಗೊಂಡು ಹತ್ತಬೇಕು, ಬೇಕಾದ ಕಡೆ ಇಳಿಯಬೇಕು, ಊರು ಸುತ್ತಬೇಕು, ಮುಂದಿನ ದೋಣಿ ಬಂದಾಗ ಮತ್ತೆ ಹತ್ತಬೇಕು. ಶಾಲೆ ಮಕ್ಕಳು, ಮೀನು ಬುಟ್ಟಿಯ ಹೆಂಗಸರು, ಆಸ್ಪತ್ರೆಗೆ ಹೊರಟ ಅಜ್ಜ, ಬೆಂಗಳೂರಿಂದ ಬಂದ ಸಾಫ್ಟ್‌ವೇರ್ ಹುಡುಗರು ಎಲ್ಲರೂ ಒಂದೇ ದೋಣಿಯಲ್ಲಿ ಕೂರಬೇಕು.

ಇದೇನು ಕನಸಿನ ಮಾತಲ್ಲ. ಕೇರಳದಲ್ಲಿ ಇದಕ್ಕಾಗಿಯೇ ಒಂದು ಸರಕಾರಿ ಇಲಾಖೆ ಇದೆ, ರಾಜ್ಯ ಜಲಸಾರಿಗೆ ಇಲಾಖೆ. 1968ರಲ್ಲಿ ಶುರುವಾದದ್ದು, ಕಚೇರಿ ಆಲಪ್ಪುಳದಲ್ಲಿ. ರಸ್ತೆಗೆ ಬಸ್ ಬಿಡುವವರು ಬೇರೆ, ನೀರಿಗೆ ದೋಣಿ ಬಿಡುವವರು ಬೇರೆ. ಕೆಲವು ವರ್ಷಗಳ ಹಿಂದೆ ಕೊಲ್ಲಂನಿಂದ ಆಲಪ್ಪುಳಕ್ಕೆ ಇವರದೇ ದೋಣಿಯಲ್ಲಿ ಹೋಗಿದ್ದೆ. ಆಗ ಬೆಳಿಗ್ಗೆ ಹತ್ತೂವರೆಗೆ ಬಿಟ್ಟರೆ ಸಂಜೆ ಆರೂವರೆಗೆ ತಲುಪುತ್ತಿತ್ತು. ಎಂಟು ಗಂಟೆ. ಇದೇ ದಾರಿ ಬಸ್ಸಿನಲ್ಲಾದರೆ ಎರಡು ಎರಡೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ, ನಿಜ. ಆದರೆ ಆ ಎಂಟು ಗಂಟೆಯಲ್ಲಿ ಏನೇನು ಕಾಣುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಪತ್ರದ ಜೀವ ಇರುವುದೇ ಅಲ್ಲಿ.

ಮೊದಲು ಅಷ್ಟಮುಡಿ ಕಾಯಲು. ಕಾಯಲು ಅಂದರೆ ಅಲ್ಲಿಯವರ ಮಾತಿನಲ್ಲಿ ಹಿನ್ನೀರು. ಅಗಲವಾದ ನೀರು, ದಡದಲ್ಲಿ ಚೀನಾ ಬಲೆಗಳು. ಅದು ದಾಟಿ ದೋಣಿ ಕಾಲುವೆಗೆ ನುಗ್ಗಿದರೆ ಚವರ. ಇಲ್ಲಿಯ ಕಪ್ಪು ಮರಳಿನಲ್ಲಿ ಇಲ್ಮನೈಟ್, ಮೊನಜೈಟ್ ಅನ್ನುವ ಖನಿಜ ಇದೆ. ಅದಕ್ಕೇ ದೊಡ್ಡ ಕಾರ್ಖಾನೆ ಎದ್ದು ನಿಂತಿದೆ. ಪ್ರವಾಸಿ ಪುಸ್ತಿಕೆಯಲ್ಲಿ ಇಂಥದ್ದನ್ನು ಹಾಕುವುದಿಲ್ಲ, ನೋಡಲು ಚಂದವೂ ಇಲ್ಲ. ಆದರೆ ಊರು ಅಂದರೆ ಇದೂ ಸೇರಿಯೇ ಅಲ್ವಾ. ಅಲ್ಲಿಂದ ಮುಂದೆ ಆಲಪ್ಪಾಡ್ ಅನ್ನುವ ಊರು. ಎಡಕ್ಕೆ ಸಮುದ್ರ, ಬಲಕ್ಕೆ ಕಾಲುವೆ, ನಡುವೆ ಉದ್ದಕ್ಕೆ ಒಂದು ಸಣ್ಣ ಪಟ್ಟಿ ನೆಲ. 2004ರ ಸುನಾಮಿಯಲ್ಲಿ ಕೇರಳದಲ್ಲಿ ಅತಿ ಜಾಸ್ತಿ ಪೆಟ್ಟು ತಿಂದ ಜಾಗ. ದೋಣಿಯಲ್ಲಿ ಕೂತು ನೋಡಿದರೆ ಆ ಪಟ್ಟಿ ಎಷ್ಟು ಸಪೂರ ಅನ್ನುವುದು ಕಣ್ಣಿಗೇ ಕಾಣುತ್ತದೆ. ಅಮೃತಾನಂದಮಯಿ ಆಶ್ರಮ ಇರುವುದೂ ಅಲ್ಲಿಯೇ. ದೋಣಿ ಅಲ್ಲಿ ನಿಲ್ಲುತ್ತದೆ, ಕೆಲವರು ಬ್ಯಾಗು ಹೊತ್ತು ಇಳಿಯುತ್ತಾರೆ, ಕೆಲವರು ಹತ್ತುತ್ತಾರೆ.

ಆಮೇಲೆ ಕಾಯಂಕುಳಂ ಕಾಯಲು, ತ್ರಿಕ್ಕುನ್ನಪ್ಪುಳದ ಲಾಕ್ ಗೇಟು, ಅದಾಗಿ ಪಲ್ಲನ. ಈ ಪಲ್ಲನದಲ್ಲಿಯೇ 1924ರ ಜನವರಿಯಲ್ಲಿ ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನ್ ತೀರಿಕೊಂಡದ್ದು. ಅವರೂ ಕೊಲ್ಲಂನಿಂದ ಆಲಪ್ಪುಳದ ಕಡೆಗೆ ಹೊರಟಿದ್ದರು, ಇದೇ ಜಲಮಾರ್ಗದಲ್ಲಿ. ಜನ ತುಂಬಿದ್ದ ದೋಣಿ ರಾತ್ರಿ ಮಗುಚಿತು. ದಡದಲ್ಲಿ ಈಗ ಅವರ ಸ್ಮಾರಕ ಇದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮೇಷ್ಟ್ರು ಅತ್ತ ಕೈ ತೋರಿಸಿ ಇದನ್ನೆಲ್ಲ ಹೇಳಿದರು. ಅರ್ಧ ಇಂಗ್ಲಿಷು, ಅರ್ಧ ಮಲಯಾಳ. ಟ್ಯಾಕ್ಸಿಯಲ್ಲಿ ಹೋಗಿದ್ದರೆ ಆ ಮೇಷ್ಟ್ರು ಸಿಗುತ್ತಿದ್ದರಾ?

ತೋಟ್ಟಪ್ಪಳ್ಳಿ ದಾಟಿದರೆ ಕರುಮಾಡಿ. ಅಲ್ಲಿ ಕರಿಕಲ್ಲಿನ ಒಂದು ಬುದ್ಧನ ಮೂರ್ತಿ ಇದೆ, ಅರ್ಧ ಒಡೆದುಹೋಗಿದೆ. ಊರವರು ಅದನ್ನು ಕರುಮಾಡಿಕುಟ್ಟನ್ ಅಂತಲೇ ಕರೆಯುತ್ತಾರೆ, ಅಂದರೆ ನಮ್ಮ ಕರುಮಾಡಿಯ ಹುಡುಗ ಅನ್ನುವ ಸಲಿಗೆಯಲ್ಲಿ. ಇನ್ನು ಕುಟ್ಟನಾಡು ಶುರುವಾಯಿತು ಅನ್ನಿ. ಗದ್ದೆ ಕೆಳಗೆ, ನೀರು ಮೇಲೆ. ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಜಾಗ ಇದು. ದೋಣಿಯಿಂದ ನೋಡಿದರೆ ದಂಡೆಯ ಆಚೆ ಪೈರು ನಮ್ಮ ಕಾಲಿಗಿಂತ ಕೆಳಗೆ ಕಾಣುತ್ತದೆ. ಗದ್ದೆಯ ನೀರನ್ನು ಪಂಪು ಹಚ್ಚಿ ಕಾಲುವೆಗೆ ಎತ್ತಿ ಹಾಕುತ್ತಾರೆ. ನಮ್ಮ ಉತ್ತರ ಕನ್ನಡದ ಗಜನಿ ಗದ್ದೆಯವರು, ಕಗ್ಗ ಭತ್ತ ಬೆಳೆದವರು ಒಮ್ಮೆ ಇದನ್ನು ನೋಡಬೇಕು. ಉಪ್ಪುನೀರಿನ ಜೊತೆ ಜಗಳ ಆಡಿಕೊಂಡೇ ಬೇಸಾಯ ಮಾಡುವುದು ಅವರಿಗೂ ಹೊಸದಲ್ಲ.

ಆಲಪ್ಪುಳ ಜೆಟ್ಟಿಯಲ್ಲಿ ಇಳಿದರೆ ಬಸ್ ಸ್ಟ್ಯಾಂಡು ನಾಲ್ಕು ಹೆಜ್ಜೆ. ಈ ನಾಲ್ಕು ಹೆಜ್ಜೆಯನ್ನು ಸಂಪಾದಕರು ದಯವಿಟ್ಟು ಗಮನಿಸಬೇಕು. ಜೆಟ್ಟಿ ಊರಿನ ನಡುವೆ ಇದ್ದರೆ ದೋಣಿ ಓಡುತ್ತದೆ. ಊರಾಚೆ ಪೊದೆಯಲ್ಲಿ ಕಟ್ಟಿ, ಉದ್ಘಾಟನೆಯ ಕಲ್ಲು ನೆಟ್ಟು ಬಿಟ್ಟರೆ ಅಲ್ಲಿ ದನ ಮಲಗುತ್ತದೆ. ನಮ್ಮಲ್ಲಿ ಇಂಥ ಜೆಟ್ಟಿ ಎಲ್ಲೆಲ್ಲಿದೆ ಅಂತ ಓದುಗರಿಗೇ ಗೊತ್ತು, ನಾನು ಹೆಸರು ಹೇಳಿ ಜಗಳ ತಂದುಕೊಳ್ಳುವುದಿಲ್ಲ.

ಆಲಪ್ಪುಳದವರ ಹೌಸ್‌ಬೋಟು ಎಲ್ಲರಿಗೂ ಗೊತ್ತು. ಹಳೆಯ ಕಾಲದಲ್ಲಿ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಅದರ ಮೂಲ. ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುತ್ತಿದ್ದ ದೋಣಿ. ಈಗ ಒಳಗೆ ಏಸಿ, ಟಿವಿ ಎಲ್ಲ ಇದೆ. ಒಂದು ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ದಿನಪೂರ್ತಿ ಕಾಯಲಿನ ನಡುವೆ ನಿಂತಿರುತ್ತದೆ, ಕೂತವರು ಅವರವರ ಮುಖ ನೋಡಿಕೊಂಡು ಕೂತಿರುತ್ತಾರೆ, ಅದರ ಹೊಲಸು ಕಾಯಲಿಗೆ ಹೋಗುತ್ತದೆ ಅಂತ ಅಲ್ಲಿಯವರೇ ಬೈಯುತ್ತಾರೆ. ನಮ್ಮವರು ಕೇರಳದಿಂದ ನಕಲು ಮಾಡಲು ಹೊರಟಾಗಲೆಲ್ಲ ಮೊದಲು ತರುವುದು ಮಾತ್ರ ಈ ಹೌಸ್‌ಬೋಟನ್ನೇ. ಅದೇ ಜೆಟ್ಟಿಯಿಂದ ಕೈಗೆಟುಕುವ ಟಿಕೆಟ್ಟಿಗೆ ಕೊಟ್ಟಾಯಂಗೆ ಎರಡೂವರೆ ಗಂಟೆ ಹೋಗುವ ಲೈನ್ ದೋಣಿಯನ್ನು ಯಾರೂ ನೋಡಿಯೇ ಇಲ್ಲ ಅನ್ನಿಸುತ್ತದೆ. ಆ ದೋಣಿಯಲ್ಲಿ ಮುಂದೆ ಚುಕ್ಕಾಣಿ ಹಿಡಿದವನು ಹಗ್ಗ ಎಳೆದು ಗಂಟೆ ಹೊಡೆಯುತ್ತಾನೆ, ಅದರ ಲೆಕ್ಕದ ಮೇಲೆ ಇಂಜಿನ್ ನೋಡುವವನು ನಿಧಾನ, ಜೋರು, ಹಿಂದಕ್ಕೆ ಅಂತ ಮಾಡುತ್ತಾನೆ. ಮನೆ ಮನೆ ಮುಂದಿನ ಕಟ್ಟೆಗೂ ಜನ ಇಳಿಯುತ್ತಾರೆ.

ಇನ್ನೊಂದು ಉದಾಹರಣೆ ವೈಕಂ. ವೇಂಬನಾಡ್ ಕಾಯಲಿನ ಈ ದಡದಲ್ಲಿ ವೈಕಂ, ಆ ದಡದಲ್ಲಿ ತವಣಕ್ಕಡವು. ಕಾಲು ಗಂಟೆಯ ದಾರಿ. 2017ರ ಜನವರಿಯಿಂದ ಇಲ್ಲಿ ಆದಿತ್ಯ ಅನ್ನುವ ಸೌರ ದೋಣಿ ಓಡುತ್ತಿದೆ. ದೇಶದ ಮೊದಲ ಸೋಲಾರ್ ಪ್ರಯಾಣಿಕರ ದೋಣಿ ಇದು. 75 ಜನ ಕೂರಬಹುದು. ಡೀಸೆಲ್ ವಾಸನೆ ಇಲ್ಲ, ಗಡಗಡ ಸದ್ದಿಲ್ಲ. ಇದರಲ್ಲಿ ಹೋಗುವವರು ಹೆಚ್ಚಿನವರು ದಿನಾ ಕೆಲಸಕ್ಕೆ ಹೋಗುವವರೇ. ಆದರೆ ದೂರದಿಂದ ಬಂದವನಿಗೂ ವೈಕಂನಲ್ಲಿ ಇಳಿದರೆ ನೋಡಲು ಎಷ್ಟಿದೆ! 1924ರಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಎಲ್ಲರಿಗೂ ನಡೆಯುವ ಹಕ್ಕು ಬೇಕು ಅಂತ ಸತ್ಯಾಗ್ರಹ ನಡೆದ ಊರು ಇದು. 1925ರ ಮಾರ್ಚಿನಲ್ಲಿ ಗಾಂಧೀಜಿ ಬಂದು ಇಳಿದದ್ದೂ ದೋಣಿಯಲ್ಲಿಯೇ, ಇಲ್ಲಿಯ ಹಳೆಯ ಜೆಟ್ಟಿಯಲ್ಲಿ. ಆ ಸತ್ಯಾಗ್ರಹಕ್ಕೆ ತಮಿಳುನಾಡಿಂದ ಬಂದು ಸೇರಿದ್ದ ಪೆರಿಯಾರ್ ಅವರ ಸ್ಮಾರಕವೂ ಅಲ್ಲೇ ಇದೆ. ಜೆಟ್ಟಿಯಿಂದ ದೇವಸ್ಥಾನಕ್ಕೆ ನಡೆದುಕೊಂಡೇ ಹೋದೆ. ಯಾವ ಪ್ಯಾಕೇಜೂ ಬೇಕಾಗಲಿಲ್ಲ.

ಕೊಚ್ಚಿಯಲ್ಲಂತೂ ಈಗ ವಾಟರ್ ಮೆಟ್ರೊ. 2023ರ ಏಪ್ರಿಲಿನಲ್ಲಿ ಶುರುವಾಯಿತು. ದೋಣಿ ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಬ್ಯಾಟರಿಯಲ್ಲಿ ಓಡುತ್ತದೆ, ನೂರು ಜನ ಹಿಡಿಯುತ್ತದೆ. ನನಗೆ ಹಿಡಿಸಿದ್ದು ಏಸಿ ಅಲ್ಲ. ತೇಲುವ ಧಕ್ಕೆ, ಅಂದರೆ ನೀರಿನ ಮೇಲೆ ತೇಲುವ ಜೆಟ್ಟಿ. ಭರತ ಇರಲಿ ಇಳಿತ ಇರಲಿ, ನೀರಿನ ಜೊತೆ ಧಕ್ಕೆಯೂ ಏರುತ್ತದೆ ಇಳಿಯುತ್ತದೆ, ಹಾಗಾಗಿ ದೋಣಿಯ ನೆಲವೂ ಧಕ್ಕೆಯ ನೆಲವೂ ಒಂದೇ ಮಟ್ಟದಲ್ಲಿ ಇರುತ್ತದೆ. ವೀಲ್‌ಚೇರ್ ತಳ್ಳಿಕೊಂಡು ನೇರ ಒಳಗೆ ಹೋಗಬಹುದು. ನಮ್ಮ ಕಡವುಗಳಲ್ಲಿ ಪಾಚಿ ಹಿಡಿದ ಮೆಟ್ಟಿಲ ಮೇಲೆ ಕಾಲಿಟ್ಟು, ಒಬ್ಬರು ಕೈ ಹಿಡಿದು ಎಳೆದುಕೊಂಡು ಹತ್ತಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಶುರುವಾದಾಗ ಟಿಕೆಟ್ 20 ರೂಪಾಯಿಯಿಂದ ಇತ್ತು. 2024ರಲ್ಲಿ ಫೋರ್ಟ್ ಕೊಚ್ಚಿಗೂ ಬಂತು. ಅಲ್ಲಿ ಇಳಿದರೆ ಚೀನಾ ಬಲೆ, ವಾಸ್ಕೊ ಡ ಗಾಮ 1524ರಲ್ಲಿ ತೀರಿಕೊಂಡಾಗ ಹೂತಿದ್ದ ಸೇಂಟ್ ಫ್ರಾನ್ಸಿಸ್ ಇಗರ್ಜಿ. ಸ್ವಲ್ಪ ಆಚೆ ಮಟ್ಟಾಂಚೇರಿಯಲ್ಲಿ 1568ರ ಯಹೂದಿ ಸಿನಗಾಗ್, ಮಸಾಲೆ ಸಾಮಾನಿನ ಮಂಡಿಗಳು. ಅಲ್ಲೇ ತಿರುಮಲ ದೇವಸ್ಥಾನದ ಆಸುಪಾಸು ಕೊಂಕಣಿ ಕಿವಿಗೆ ಬೀಳುತ್ತದೆ. ಗೋವಾ ಬಿಟ್ಟು ಬಂದವರು ನಮ್ಮ ಗಂಗೊಳ್ಳಿ, ಕುಂದಾಪುರ, ಮಂಗಳೂರಲ್ಲಿ ಉಳಿದ ಹಾಗೆ ಅಲ್ಲಿಯವರೆಗೂ ಹೋದರು. ನನ್ನ ಜೊತೆ ಇದ್ದ ಗೆಳೆಯರಿಗೆ ಮನೆಮಾತು ಕೊಂಕಣಿ. ಅಂಗಡಿಯವರ ಜೊತೆ ಮಾತಿಗೆ ಕೂತವರು ಏಳಲೇ ಇಲ್ಲ, ಮಾರಾಯ್ರೇ.

ಕೊಡುಂಗಲ್ಲೂರು ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮುಜಿರಿಸ್ ಅನ್ನುವ ಪ್ರಾಚೀನ ಬಂದರಿನ ಹೆಸರಿನ ಯೋಜನೆಯ ದೋಣಿಗೆ ಟಿಕೆಟ್ ತಗೊಂಡರೆ ಕೊಟ್ಟಪ್ಪುರಂ, ಪರವೂರಿನ ಸಿನಗಾಗ್, ಪಾಲಿಯಂ ಅರಮನೆ ಹೀಗೆ ಒಂದೊಂದು ಕಡೆ ಇಳಿದು ನೋಡಿ ಮತ್ತೆ ಹತ್ತಬಹುದು. ನಾನು ಹೇಳುತ್ತಿರುವುದು ಇದನ್ನೇ.

ಕೇರಳ ಸ್ವರ್ಗ ಅಂತ ಹೇಳುತ್ತಿಲ್ಲ. ಅಂತರಗಂಗೆ ಅನ್ನುವ ಕಳೆ ಕಾಲುವೆ ತುಂಬ ಹಬ್ಬಿ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಸೇತುವೆ ಕೆಲಸ ಬಂದರೆ ಕೆಲವು ಮಾರ್ಗ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಳೆಯ ದೋಣಿಗಳ ಶೌಚಾಲಯದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಆದರೂ ದೋಣಿ ಓಡುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಕೇರಳದ ಹಾಗೆ ಉದ್ದಕ್ಕೆ ಒಂದಕ್ಕೊಂದು ಸೇರಿದ ಕಾಯಲು ಇಲ್ಲ, ಅದು ಸರಿ. ಅಲ್ಲಿ ಕೊಲ್ಲಂನಿಂದ ಕೊಟ್ಟಪ್ಪುರಂವರೆಗಿನ 168 ಕಿಲೋಮೀಟರ್ ಮಾರ್ಗ 1993ರಲ್ಲೇ ರಾಷ್ಟ್ರೀಯ ಜಲಮಾರ್ಗ ಆಯಿತು. ನಮ್ಮ ಹೊಳೆಗಳು ಘಟ್ಟದಿಂದ ಇಳಿದು ಬೇಗ ಸಮುದ್ರ ಸೇರುತ್ತವೆ. ಕಾರವಾರದಿಂದ ಮಂಗಳೂರಿಗೆ ಒಳನಾಡಿನ ನೀರಿನಲ್ಲೇ ಹೋಗಲು ಸಾಧ್ಯವಿಲ್ಲ. ಆದರೆ ಒಂದೊಂದು ಅಳಿವೆಯ ಒಳಗೂ ಒಂದೊಂದು ಸಣ್ಣ ಲೋಕ ಇದೆ. 2016ರ ಕಾನೂನಿನಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಬಂತಲ್ಲ, ಅದರಲ್ಲಿ ನಮ್ಮ ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ ಎಲ್ಲ ಇವೆ. ಪಟ್ಟಿಯಲ್ಲಿವೆ, ಅಷ್ಟೇ.

ಕುಂದಾಪುರವನ್ನೇ ತಗೊಳ್ಳಿ, ನನಗೆ ಜಾಸ್ತಿ ಗೊತ್ತಿರುವ ನೀರು ಇದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಹೊಳೆಗಳು ಇಲ್ಲಿ ಸೇರುತ್ತವೆ, ಅದೇ ಪಂಚಗಂಗಾವಳಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಸುತ್ತಿ ಹದಿನೈದು ಕಿಲೋಮೀಟರಿಗೂ ಜಾಸ್ತಿ. ಸೇತುವೆ ಬೇಕು ಅಂತ ಎಷ್ಟೋ ವರ್ಷದಿಂದ ಕೂಗು ಇದೆ. ಸೇತುವೆ ಬರಲಿ, ಬೇಡ ಅನ್ನುವುದಿಲ್ಲ. ಅದು ಬರುವವರೆಗೆ ಟೈಮ್ ಟೇಬಲ್ ಹಾಕಿದ ಒಂದು ಒಳ್ಳೆಯ ದೋಣಿ ಯಾಕಿಲ್ಲ? ಅದೇ ದೋಣಿ ನಡುವೆ ಉಪ್ಪಿನಕುದ್ರಿಗೆ ಹೋಗಲಿ. ಯಕ್ಷಗಾನದ ಸೂತ್ರದ ಗೊಂಬೆಯಾಟ ಉಳಿದಿರುವ ಕುದ್ರು, ಅಂದರೆ ಹೊಳೆ ನಡುವಿನ ದ್ವೀಪ ಅದು. ಗೊಂಬೆಗಳಿಗೆ ಅಂತಲೇ ಅಲ್ಲೊಂದು ಗೊಂಬೆಮನೆ ಇದೆ. ಹೊರದೇಶದವರಿಗೆ ಗೊತ್ತಿರುವಷ್ಟು ಪಕ್ಕದ ತಾಲ್ಲೂಕಿನವರಿಗೆ ಗೊತ್ತಿಲ್ಲ. ಗಂಗೊಳ್ಳಿಯಲ್ಲಿ ಬಂದರು, ಮೀನು ಹರಾಜು ಹಾಕುವ ಗಲಾಟೆ, ಬಲೆ ಹೆಣೆಯುವವರು. ಅಲ್ಲಿಂದ ಸೌಪರ್ಣಿಕಾದಲ್ಲಿ ಮೇಲಕ್ಕೆ ಹೋದರೆ ಮರವಂತೆ. ಹೈವೇಯಲ್ಲಿ ಹೋಗುವವರು ಒಂದು ಕಡೆ ಸಮುದ್ರ ಒಂದು ಕಡೆ ಹೊಳೆ ಅಂತ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರಲ್ಲ, ಅದೇ ಹೊಳೆ. ಹೊಳೆಯಿಂದ ಆ ಹೈವೇಯನ್ನು ನೋಡಿದವರು ಎಷ್ಟು ಜನ?

ವಾರಾಹಿಯ ಕಡೆಗೆ ಹೋದರೆ ಬಸ್ರೂರು. ಒಂದು ಕಾಲಕ್ಕೆ ದೊಡ್ಡ ಬಂದರು ಪಟ್ಟಣ. ಅಕ್ಕಿ ಇಲ್ಲಿಂದ ಗೋವಾಕ್ಕೆ ಹೋಗುತ್ತಿತ್ತು, ಅದರ ಆಸೆಗೇ ಪೋರ್ಚುಗೀಸರು ಬಂದು ಕಾಟ ಕೊಟ್ಟರು. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಊರನ್ನು ಲೂಟಿ ಮಾಡಿದವು. ಮಂಡಿಕೇರಿ, ವಿಲಾಸಕೇರಿ ಅಂತ ಕೇರಿಗಳ ಹೆಸರು ಕೇಳಿದರೇ ಹಳೆಯ ಪೇಟೆ ಎಷ್ಟು ದೊಡ್ಡದಿತ್ತು ಅಂತ ಅಂದಾಜಾಗುತ್ತದೆ. ಮಹಾಲಿಂಗೇಶ್ವರ ದೇವಸ್ಥಾನ ಇದೆ. ಮರದ ಬೇರುಗಳೇ ಗುಡಿಯನ್ನು ಹಿಡಿದುಕೊಂಡಿರುವ ತುಳುವೇಶ್ವರ ಇದೆ. ಇಷ್ಟೆಲ್ಲ ಇರುವ ಊರಿಗೆ, ಹಡಗುಗಳು ಬರುತ್ತಿದ್ದ ನೀರಿನ ಮೇಲೆಯೇ ಹೋಗಿ ಇಳಿಯುವುದು ಎಷ್ಟು ಚಂದ. ಆಳ ಎಲ್ಲಿಯವರೆಗೆ ಸಾಕಾಗುತ್ತದೆ, ಎಲ್ಲಿ ಹೂಳು ತುಂಬಿದೆ ಅಂತ ಅಳೆದು ನೋಡಬೇಕು. ಮರಳು ತೆಗೆಯುವುದಕ್ಕೆ ಹೊಳೆ ಅಳೆಯುವವರಿಗೆ ಇದನ್ನೂ ಅಳೆಯುವುದು ಕಷ್ಟವಾಗಲಿಕ್ಕಿಲ್ಲ.

ಹೊನ್ನಾವರದ ಮಾತಂತೂ ಕೇಳಲೇಬೇಡಿ. 1623ರಲ್ಲಿ ಪಿಯೆತ್ರೊ ದೆಲ್ಲ ವಾಲೆ ಅನ್ನುವ ಇಟಲಿಯ ಪ್ರವಾಸಿ ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲೇ ಹೋದ. ಶರಾವತಿಯ ಆ ದಾರಿಯನ್ನು ಬಾಯಿತುಂಬ ಹೊಗಳಿದ್ದಾನೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರಾದ ಆ ಗೇರುಸೊಪ್ಪೆ ಆಗಲೇ ಹಾಳು ಬಿದ್ದಿತ್ತು. ಚತುರ್ಮುಖ ಬಸದಿ ಈಗಲೂ ಕಾಡಿನ ನಡುವೆ ನಿಂತಿದೆ. 400 ವರ್ಷದ ಹಿಂದೆ ಹೋಗಬಹುದಾಗಿದ್ದ ದಾರಿಯಲ್ಲಿ ಇವತ್ತು ಟಿಕೆಟ್ ತಗೊಂಡು ಹೋಗಲಿಕ್ಕೆ ಒಂದು ದೋಣಿ ಇಲ್ಲ. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರ ಸುತ್ತು ಹೊಡೆಸುತ್ತಾರೆ, ರೈಲ್ವೆ ಸೇತುವೆ ತೋರಿಸುತ್ತಾರೆ, ವಾಪಸ್ ಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಮಾವಿನಕುರ್ವೆ, ಹೈಗುಂದ, ಗೇರುಸೊಪ್ಪೆ ಅಂತ ನಿಲ್ಲಿಸುತ್ತ ಹೋದರೆ ಒಂದು ಇಡೀ ದಿನದ ಪ್ರವಾಸ ಆಗುತ್ತದೆ. ಹೊಳೆಸಾಲಿನವರಿಗೆ ಪೇಟೆಗೆ ಹೋಗಿಬರಲು ದಾರಿಯೂ ಆಗುತ್ತದೆ.

ನಮಗೆ ದೋಣಿ ಹೊಸದಾ? ಸೇತುವೆಗಳು ಬರುವ ಮೊದಲು ಮಂಗಳೂರಿಂದ ಕಾರವಾರಕ್ಕೆ ಹೊರಟವರು ಹೊಳೆ ಹೊಳೆಗೂ ಲಾಂಚಿಗೆ ಕಾದವರೇ. ಹಿರಿಯರನ್ನು ಕೇಳಿ, ಹೇಳುತ್ತಾರೆ. ಈಗಲೂ ತದಡಿ–ಅಘನಾಶಿನಿ ನಡುವೆ ದೋಣಿ ಇದೆ, ಹಂಗಾರಕಟ್ಟೆ–ಕೋಡಿ ಬೆಂಗ್ರೆ ನಡುವೆ ಬಾರ್ಜು ಇದೆ. ಬೈಕು ಹತ್ತಿಸಿಕೊಂಡು ಹೋಗಬಹುದು. ಅದನ್ನು ಯಾರೂ ಪ್ರವಾಸೋದ್ಯಮ ಅನ್ನುವುದಿಲ್ಲ, ಆದರೆ ರಜೆಯಲ್ಲಿ ಸುಮ್ನೆ ಅದಕ್ಕೋಸ್ಕರವೇ ಬರುವವರಿದ್ದಾರೆ. ಕರಾವಳಿಯದ್ದಲ್ಲ, ಆದರೂ ಸಿಗಂದೂರಿನ ಲಾಂಚು ನೆನಪಿಸಿಕೊಳ್ಳಿ. ದ್ವೀಪದವರಿಗೆ ಅದು ದಿನದ ಕಷ್ಟ, 2025ರ ಜುಲೈಯಲ್ಲಿ ಸೇತುವೆ ಆದದ್ದು ಅವರಿಗೆ ಬಹಳ ಒಳ್ಳೆಯದಾಯಿತು. ಆದರೆ ದೇವಿಯ ದರ್ಶನಕ್ಕೆ ಹೋದವರು ಬಂದು ಹೇಳುತ್ತಿದ್ದದ್ದು ಅರ್ಧ ದೇವಸ್ಥಾನದ ಕಥೆ, ಅರ್ಧ ಲಾಂಚಿನ ಕಥೆ. ಊರಿಗೆ ಕರೆದುಕೊಂಡು ಹೋಗುವ ದೋಣಿಗೆ ಜನ ತಾವಾಗಿಯೇ ಬರುತ್ತಾರೆ ಅನ್ನಲು ಇನ್ನೇನು ಸಾಕ್ಷಿ ಬೇಕು?

ಸುರಕ್ಷತೆಯ ಪ್ರಶ್ನೆ ಬರುತ್ತದೆ, ಬರಲೇಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕೇರಳದಲ್ಲೂ ಇದೆ. 2002ರಲ್ಲಿ ಮುಹಮ್ಮ ಅನ್ನುವ ಊರಿಂದ ಕುಮರಕಂಗೆ ಹೊರಟ ಸರಕಾರಿ ದೋಣಿ ಮುಳುಗಿ 29 ಜನ ಹೋದರು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ, ಅದರಲ್ಲಿ ಮಕ್ಕಳೇ ಜಾಸ್ತಿ. ಇವುಗಳ ಹಿಂದೆ ಪದೇ ಪದೇ ಕೇಳಿಬಂದ ದೂರು ಒಂದೇ, ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿಸಿದ್ದು. ಇದಕ್ಕೆ ನನ್ನ ಉತ್ತರ ದೋಣಿ ನಿಲ್ಲಿಸುವುದಲ್ಲ. ಜಾತ್ರೆಗೆ, ರಜೆಗೆ ಮಾತ್ರ ಎಲ್ಲಿಂದಲೋ ತಂದು ಓಡಿಸುವ ದೋಣಿಯಲ್ಲಿ ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ದಿನಾ ಓಡುವ ದೋಣಿಯಲ್ಲಿ ಸೀಟಿಗೆ ಒಂದು ಟಿಕೆಟ್, ಗೇಟಿನಲ್ಲಿ ಎಣಿಸುವವನು ಒಬ್ಬ, ವರ್ಷಕ್ಕೊಮ್ಮೆ ತಪಾಸಣೆ ಅಂತ ಮಾಡಬಹುದು. 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ನೋಂದಣಿ, ತಪಾಸಣೆ ಎಲ್ಲದಕ್ಕೂ ನಿಯಮ ಇದೆ. ಕೊಚ್ಚಿಯಲ್ಲಿ ನೂರು ಜನ ಆದ ಮೇಲೆ ಗೇಟು ತೆರೆಯುವುದೇ ಇಲ್ಲ. ಎಷ್ಟು ಬೈದರೂ ತೆರೆಯುವುದಿಲ್ಲ, ನಾನೇ ನೋಡಿದ್ದೇನೆ.

ಇನ್ನೊಂದು ವಿಷಯ, ಇದನ್ನು ಮರೆತರೆ ಇಡೀ ಯೋಜನೆ ಕೆಡುತ್ತದೆ. ಹೊಳೆ ಖಾಲಿ ಬಿದ್ದಿಲ್ಲ. ಅಲ್ಲಿ ಬಲೆ ಹಾಕುವವರಿದ್ದಾರೆ, ಚಿಪ್ಪು ಹೆಕ್ಕುವ ಹೆಂಗಸರಿದ್ದಾರೆ, ಪಂಜರದಲ್ಲಿ ಮೀನು ಸಾಕುವವರಿದ್ದಾರೆ. ಜೋರಾಗಿ ಓಡುವ ದೋಣಿಯ ಅಲೆಗೆ ದಂಡೆ ಕುಸಿಯುತ್ತದೆ, ಬಲೆ ಹರಿಯುತ್ತದೆ. ಹಾಗಾಗಿ ಮಾರ್ಗ ಗುರುತು ಮಾಡುವಾಗ ಅವರನ್ನು ಕೂರಿಸಿಕೊಂಡೇ ಮಾಡಬೇಕು. ದೋಣಿ ನಡೆಸುವ ಕೆಲಸವೂ ಅವರಿಗೇ ಮೊದಲು ಸಿಗಬೇಕು. ಜೂನ್ 1ರಿಂದ ಜುಲೈ ಕೊನೆವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟು ನಡೆಸುವ ತಾಂಡೇಲರೂ ಅದರಲ್ಲಿ ದುಡಿಯುವ ಕಲಾಸಿಗಳೂ ಆಗ ಕೈಕಟ್ಟಿ ಕೂತಿರುತ್ತಾರೆ. ನೀರನ್ನು ಅವರಷ್ಟು ಬಲ್ಲವರು ಯಾರು? ಮಳೆಗಾಲದಲ್ಲಿ ಅಳಿವೆಯ ಬಾಗಿಲ ಹತ್ತಿರ ಹೋಗುವುದು ಅಪಾಯ, ಆ ಭಾಗ ನಿಲ್ಲಿಸಲಿ. ಒಳಗಿನ ಹೊಳೆಯಲ್ಲಿ ನೆರೆ ಇಲ್ಲದ ದಿನ ಓಡಿಸಬಹುದು. ನಿಜ ಹೇಳಬೇಕೆಂದರೆ ನಮ್ಮ ಹೊಳೆಗಳು ಚಂದ ಕಾಣುವುದೇ ಆಗ.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ ಒಂದು ಮಾತು. ಹಳ್ಳಿಗೆ ಬಸ್ ಬಿಡುವಾಗ ಲಾಭ ನೋಡುತ್ತೇವಾ? ದೋಣಿಗೆ ಮಾತ್ರ ಯಾಕೆ ಮೊದಲ ದಿನದಿಂದಲೇ ಲಾಭ ಬರಬೇಕು? ಮಂಗಳೂರಿನಲ್ಲಿ ಬಜಾಲ್‌ನಿಂದ ಮರವೂರುವರೆಗೆ ನೇತ್ರಾವತಿ, ಗುರುಪುರ ಹೊಳೆಗಳಲ್ಲಿ ವಾಟರ್ ಮೆಟ್ರೊ ಅನ್ನುವ ಯೋಜನೆ ಬಂದಿದೆ, ಬಹಳ ಸಂತೋಷ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದು ಹೊಳೆಯ ದಡ ನೋಡಿಯೇ. ಮಣ್ಣು ಬಂದದ್ದು, ಹೆಂಚು ಹೋದದ್ದು ಎಲ್ಲ ನೀರಿನ ಮೇಲೆ. ಮಂಗಳೂರಿಗೆ ಆಗಲಿ. ಆದರೆ ಎಲ್ಲ ದೊಡ್ಡದನ್ನೇ ಕಾಯುತ್ತ ಕೂತರೆ ಸಣ್ಣ ಊರುಗಳ ಸರದಿ ಬರುವುದೇ ಇಲ್ಲ.

ಶುರುವಿಗೆ ಒಂದು ಮಾರ್ಗ ಸಾಕು. ಕುಂದಾಪುರ, ಉಪ್ಪಿನಕುದ್ರು, ಗಂಗೊಳ್ಳಿ. ಎರಡು ಸಣ್ಣ ದೋಣಿ, ಆದರೆ ಸೋಲಾರ್. ಬೆಳಿಗ್ಗೆ ಶಾಲೆ, ಆಫೀಸು, ಮೀನಿನ ಹೊತ್ತಿಗೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಶನಿವಾರ ಭಾನುವಾರ ಮರವಂತೆವರೆಗೆ ಮುಂದುವರಿಸಿ. ಮೂರೂ ಕಡೆ ತೇಲುವ ಧಕ್ಕೆ, ನೆರಳು, ಕುಡಿಯುವ ನೀರು, ಒಂದು ಶೌಚಾಲಯ, ಕನ್ನಡದಲ್ಲಿ ಬರೆದ ಟೈಮ್ ಟೇಬಲ್. ಆ ಊರಿನಲ್ಲಿ ನಡೆದು ಹೋಗಿ ನೋಡುವಂಥದ್ದು ಏನಿದೆ ಅಂತ ಒಂದು ಬೋರ್ಡು. ಅಷ್ಟೇ ಕೇಳುತ್ತಿರುವುದು.

ಇದು ಯಾರ ಕೆಲಸ ಅನ್ನುವುದೇ ನಮಗೆ ಬಗೆಹರಿಯದ ಪ್ರಶ್ನೆ. ಜೆಟ್ಟಿ ಮಾರಿಟೈಮ್ ಬೋರ್ಡಿನದು, ಪ್ರವಾಸಿಗಳು ಪ್ರವಾಸೋದ್ಯಮ ಇಲಾಖೆಯವರು, ಪ್ರಯಾಣಿಕರು ಸಾರಿಗೆಯವರು, ಮೀನುಗಾರರು ಮೀನುಗಾರಿಕೆ ಇಲಾಖೆಯವರು, ದಂಡೆ ಪಂಚಾಯತಿನದು. ದಯವಿಟ್ಟು ನಿಮ್ಮ ವರದಿಗಾರರಿಂದ ಈ ಎಲ್ಲ ಕಚೇರಿಗಳಲ್ಲೂ ಒಮ್ಮೆ ಕೇಳಿಸಿ. ಯಾರಾದರೂ ಒಬ್ಬರು ನಮ್ಮದು ಅಂತ ಒಪ್ಪಿಕೊಂಡರೆ ಹೆಸರು ಹಾಕಿ ಪ್ರಕಟಿಸಿ, ಎರಡೂ ದಡದವರ ಸಹಿ ಹಾಕಿಸಿ ಮುಂದಿನ ಅರ್ಜಿಯನ್ನು ಅವರಿಗೇ ಕೊಡುತ್ತೇವೆ.

ಇಂತಿ,
ಪಂಚಗಂಗಾವಳಿ ದಡದ ಒಬ್ಬ ಓದುಗ, ಕುಂದಾಪುರ